ಫ್ರಾನ್ಸಿನ ಶಾಲೆಗೆ ಮಗುವನ್ನು ಸೇರಿಸುತ್ತಿದ್ದೀರಾ?

ಇಲ್ಲಿ ತರಗತಿ ಲೆಕ್ಕ ಉಲ್ಟಾ. 11ರ ವಯಸ್ಸಿಗೆ ಕೊಲೇಜ್ (ಅಂದರೆ ಇಲ್ಲಿನ ಮಾಧ್ಯಮಿಕ ಶಾಲೆ, ನಮ್ಮ ಕಾಲೇಜಲ್ಲ) ಸೇರುವ ಮಗು 6ನೇ ತರಗತಿಯಿಂದ ಶುರುಮಾಡಿ 5, 4, 3 ಅಂತ ಇಳಿಯುತ್ತಾ ಹೋಗುತ್ತದೆ. ಅಂಕ 20ಕ್ಕೆ. 14 ಬಂದರೆ ಬೈಯಬೇಡಿ, ಅದು ಒಳ್ಳೆಯ ಅಂಕವೇ.

ನಿಜವಾದ ತಲೆನೋವು ಊಟ, ಅಲ್ವಾ? ಡಬ್ಬಿ ಕಟ್ಟಿ ಕಳಿಸೋಣ ಅಂದರೆ ಅಲರ್ಜಿಯಂಥ ಕಾರಣವಿಲ್ಲದೆ ಸಾಮಾನ್ಯವಾಗಿ ಬಿಡುವುದಿಲ್ಲ. ಶಾಲೆಯ ಕ್ಯಾಂಟೀನಿನಲ್ಲಿ ವಾರಕ್ಕೆ ಕನಿಷ್ಠ ಒಂದು ಸಸ್ಯಾಹಾರಿ ಊಟ ಕೊಡಲೇಬೇಕು ಅಂತ ಕಾನೂನಿದೆ, ಉಳಿದ ದಿನ ಏನು ಸಿಗುತ್ತದೆ ಅಂತ ಸೇರಿಸುವಾಗಲೇ ಕೇಳಿ, ಮನೆ ಹತ್ತಿರವಿದ್ದರೆ ಮಧ್ಯಾಹ್ನ ಕರೆದುಕೊಂಡು ಬಂದು ಊಟ ಹಾಕಿಸಿ. ಬಿಡುವು ಸಾಮಾನ್ಯವಾಗಿ ಒಂದೂವರೆ ಗಂಟೆಯಾದರೂ ಇರುತ್ತದೆ.

ಮೊಬೈಲ್ ಬಳಕೆಗೆ 2018ರಿಂದಲೇ ನಿಷೇಧ. ಬುಧವಾರ ಮಧ್ಯಾಹ್ನ ಹೆಚ್ಚಿನ ಕಡೆ ರಜೆ, ಕೆಲಸಕ್ಕೆ ಹೋಗುವವರು ಮಗುವಿಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ.