ವೆಬ್‌ಸೈಟ್ ಖರ್ಚನ್ನು ಮೂರು ವರ್ಷಕ್ಕೆ ಲೆಕ್ಕ ಹಾಕಿದೆ: ನನ್ನ ಅನುಭವ

ನಮ್ಮದು ಅಳತೆ ತೆಗೆದುಕೊಂಡು ಮೇಜು, ಕಪಾಟು ಮಾಡಿಕೊಡುವ ಸಣ್ಣ ಕೆಲಸ. ನಾಲ್ಕೇ ಜನ. ಮೊದಲ ಸಲ ವೆಬ್‌ಸೈಟ್ ಮಾಡಿಸುವಾಗ ನಾನು ಕೇಳಿದ್ದು ಒಂದೇ ಪ್ರಶ್ನೆ: ‘ಒಟ್ಟು ಎಷ್ಟಾಗುತ್ತೆ?’ ಸೈಟ್ ಮಾಡಿಕೊಡುವವರು ಒಂದು ಮೊತ್ತ ಹೇಳಿದರು, ನಾನು ಒಪ್ಪಿದೆ. ಆ ‘ಒಟ್ಟು’ ಬರೀ ಸೈಟ್ ಕಟ್ಟುವ ಖರ್ಚು ಅಂತ ತಿಳಿಯಲು ಒಂದು ವರ್ಷ ಬೇಕಾಯಿತು.

ವರ್ಷ ತುಂಬುತ್ತಿದ್ದಂತೆ ಹೋಸ್ಟಿಂಗ್, ಅಂದರೆ ಸೈಟ್ ಇಡುವ ಜಾಗದ ಬಾಡಿಗೆ, ಅದರ ರಿನ್ಯೂವಲ್ ಬಿಲ್ ಬಂತು. ಮೊದಲ ವರ್ಷ ಕೊಟ್ಟಿದ್ದರ ಎರಡು ಪಟ್ಟಿಗಿಂತ ಜಾಸ್ತಿ. ಮೊದಲ ವರ್ಷದ್ದು ಆಫರ್ ದರ ಆಗಿತ್ತು, ನಾನು ಗಮನಿಸಿರಲಿಲ್ಲ. ಹೊಟ್ಟೆ ಉರಿಯಿತು, ಆದರೂ ಕಟ್ಟಿದೆ. ಆದರೆ ಡೊಮೇನ್‌ಗೆ, ಅಂದರೆ ಸೈಟ್‌ನ ವಿಳಾಸದ ಹೆಸರಿಗೆ, ಯಾವ ಬಿಲ್ಲೂ ಬರಲಿಲ್ಲ. ಕೆಲವು ವಾರ ಕಳೆದ ಮೇಲೆ ಹಳೇ ಗ್ರಾಹಕರೊಬ್ಬರು ಫೋನ್ ಮಾಡಿ, ‘ಸೈಟ್ ಓಪನ್ ಆಗ್ತಿಲ್ವಲ್ಲ, ಕೆಲಸ ನಿಲ್ಲಿಸಿಬಿಟ್ರಾ?’ ಅಂತ ಕೇಳಿದರು. ಎದೆ ಧಸಕ್ ಅಂದಿತು.

ಆಗಿದ್ದು ಇಷ್ಟು. ಸೈಟ್ ಮಾಡಿಕೊಟ್ಟವರು ಡೊಮೇನ್ ಅನ್ನು ತಮ್ಮ ಹೆಸರಿನಲ್ಲೇ ಕೊಂಡಿದ್ದರು. ನೆನಪಿಸುವ ಮೇಲ್‌ಗಳೆಲ್ಲ ಅವರು ತೆರೆದೂ ನೋಡದ ವಿಳಾಸಕ್ಕೆ ಹೋಗಿದ್ದವು. ಡಾಟ್ ಕಾಮ್ ಥರದ ಹೆಸರಿನ ಅವಧಿ ಮುಗಿದರೆ ಸಾಮಾನ್ಯವಾಗಿ ಮೊದಲು ಸ್ವಲ್ಪ ದಿನ ಮಾಮೂಲಿ ದರಕ್ಕೇ ರಿನ್ಯೂ ಮಾಡಬಹುದು. ಅದನ್ನೂ ದಾಟಿದರೆ ಹೆಸರನ್ನು ಬಿಡಿಸಿಕೊಳ್ಳಲು 30 ದಿನದ ರಿಡೆಂಪ್ಶನ್ ಅವಧಿ ಇರುತ್ತೆ. ಆಗ ರಿನ್ಯೂವಲ್ ಹಣದ ಜೊತೆ ದಂಡದಂತೆ ಇನ್ನೊಂದು ಶುಲ್ಕ ಕಟ್ಟಬೇಕು. ಅದೂ ಮುಗಿದರೆ ಹೆಸರು ಯಾರು ಬೇಕಾದರೂ ಕೊಳ್ಳಬಹುದು. ನಾವು ಆ 30 ದಿನದೊಳಗೆ ಇದ್ದೆವು. ಕೇಳಿದಷ್ಟು ಕಟ್ಟಿ ಬಿಡಿಸಿಕೊಂಡೆ.

ಎರಡನೇ ಸಲ ಸೈಟ್ ಮಾಡಿಸುವ ಮುಂಚೆ ಒಂದು ನೋಟ್‌ಬುಕ್ ಹಿಡಿದು ಕೂತೆ. ಪುಟದಲ್ಲಿ ಮೂರು ಕಾಲಂ: ಒಂದೇ ಸಲದ್ದು, ವರ್ಷ ವರ್ಷದ್ದು, ತಿಂಗಳು ತಿಂಗಳದ್ದು. ಕೆಳಗೆ ಮೂರು ವರ್ಷದ ಮೊತ್ತ. ಡೊಮೇನ್, ಹೋಸ್ಟಿಂಗ್ ಎರಡಕ್ಕೂ ಆಫರ್ ದರ ಬರೆಯಲಿಲ್ಲ, ರಿನ್ಯೂವಲ್ ದರವನ್ನೇ ಬರೆದೆ. ಆ ದರ ಜಾಹೀರಾತಿನಲ್ಲಿ ಸಣ್ಣ ಅಕ್ಷರದಲ್ಲಿರುತ್ತೆ, ಹುಡುಕಬೇಕು. ಕಂಪನಿ ಹೆಸರಿನ ಇಮೇಲ್‌ಗೆ ತಲೆಗೆ ಇಷ್ಟು ಅಂತ ತಿಂಗಳ ಬಾಡಿಗೆ. ನಾಲ್ಕು ಜನಕ್ಕೂ ಬೇಕಾ ಅಂತ ಯೋಚಿಸಿ ಎರಡಕ್ಕೆ ಇಳಿಸಿದೆ. ಸೈಟ್‌ಗೂ ನೋಡುವವರಿಗೂ ನಡುವೆ ಹೋಗುವ ಮಾಹಿತಿಯನ್ನು ಬೇರೆಯವರು ಓದದಂತೆ ಕಾಯುವ ಎಸ್‌ಎಸ್‌ಎಲ್ ಸರ್ಟಿಫಿಕೇಟ್‌ಗೆ ಸೊನ್ನೆ ಹಾಕಿದೆ. ಲೆಟ್ಸ್ ಎನ್‌ಕ್ರಿಪ್ಟ್ ಅನ್ನೋ ಸೇವೆ 2015ರಿಂದ ಅದನ್ನು ಉಚಿತವಾಗಿ ಕೊಡುತ್ತಿದೆ, ನಮ್ಮಂಥ ಸೈಟ್‌ಗೆ ಅದು ಧಾರಾಳ ಸಾಕು. ಸೈಟ್ ಕಟ್ಟುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್ ಉಚಿತವೇ, ಆದರೆ ಅದಕ್ಕೆ ಹೆಚ್ಚಿನ ಸೌಲಭ್ಯ ಸೇರಿಸಲು ದುಡ್ಡು ಕೊಟ್ಟು ತಗೊಳ್ಳೋ ಪ್ಲಗಿನ್‌ಗಳಲ್ಲಿ ಬಹಳಷ್ಟಕ್ಕೆ ವರ್ಷ ವರ್ಷ ಮತ್ತೆ ಕಟ್ಟಬೇಕು. ಅವು ಎರಡನೇ ಕಾಲಂಗೆ ಹೋದವು. ಅಪ್‌ಡೇಟ್, ಬ್ಯಾಕಪ್ ನೋಡಿಕೊಳ್ಳುವವರ ಹಣವೂ ಅಲ್ಲಿಗೇ.

ನೋಟ್‌ಬುಕ್ ನೋಡಿದಾಗ ಸ್ಪಷ್ಟವಾಯಿತು: ಎಲ್ಲಕ್ಕಿಂತ ಭಾರದ ಸಾಲು ಆನ್‌ಲೈನ್ ಮಾರಾಟ. ಕಾರ್ಟ್, ಆನ್‌ಲೈನ್ ಹಣ ಪಡೆಯುವ ಪೇಮೆಂಟ್ ಗೇಟ್‌ವೇ, ಪ್ರತಿ ವಹಿವಾಟಿಗೂ ಶೇಕಡಾವಾರು ಕಡಿತ. ಆದರೆ ನಮ್ಮ ಗ್ರಾಹಕರು ಯಾರೂ ಅಳತೆ ಮಾತಾಡದೆ ಕಪಾಟು ಕೊಳ್ಳಲ್ಲ, ಅಲ್ವಾ? ಇಡೀ ಸಾಲು ಹೊಡೆದು ಹಾಕಿದೆ. ಒಂದು ಫಾರ್ಮ್, ಒಂದು ಫೋನ್ ನಂಬರ್, ಅಷ್ಟೇ. ಆವತ್ತು ಉಳಿದಷ್ಟು ದುಡ್ಡು ಬೇರೆ ಯಾವ ಚೌಕಾಸಿಯಲ್ಲೂ ಉಳಿದಿಲ್ಲ.

ಉಳಿದಿದ್ದನ್ನು ಫೋಟೋಗೆ ಹಾಕಿದೆ. ಮೊದಲ ಸೈಟ್‌ನಲ್ಲಿ ಫೋಟೋಗೆ ಬಜೆಟ್ಟೇ ಇರಲಿಲ್ಲ. ಮೊಬೈಲ್‌ನಲ್ಲಿ ಸುಮ್ನೆ ತೆಗೆದದ್ದು, ಹಿಂದೆ ಮರದ ಹೊಟ್ಟಿನ ರಾಶಿ, ಒಂದೊಂದೂ 5 ಎಂಬಿ. ಪುಟ ತೆರೆಯುವಷ್ಟರಲ್ಲಿ ನೋಡುವವರಿಗೆ ಬೇಸರ. ಈ ಸಲ ಫೋಟೋಗ್ರಾಫರ್ ಒಬ್ಬರನ್ನು ಅರ್ಧ ದಿನಕ್ಕೆ ಕರೆಸಿದೆ. ಅವರು ಲೈಟನ್ನೇ ಹಾಕಲಿಲ್ಲ. ಕಪಾಟನ್ನು ಕಿಟಕಿ ಪಕ್ಕಕ್ಕೆ ಸರಿಸಿ, ಎದುರಿಗೆ ಬಿಳಿ ಬಟ್ಟೆ ಹಿಡಿಸಿದರು. ಮರದ ಗೆರೆಗಳು ಎದ್ದು ಬಂದವು. ಡ್ರಾಯರ್ ಮೂಲೆಯ ಜೋಡಣೆಯನ್ನು ಹತ್ತಿರದಿಂದ ತೆಗೆದರು. ಈಗ ಫೋನ್ ಮಾಡುವವರು ಹೆಚ್ಚಾಗಿ ಆ ಫೋಟೋ ನೋಡಿಯೇ ಕೇಳುತ್ತಾರೆ. ಎಲ್ಲ ಫೋಟೋಗಳನ್ನೂ ಕಡಿಮೆ ಜಾಗ ಹಿಡಿಯುವ ವೆಬ್‌ಪಿ ಫೈಲ್ ಮಾಡಿ 200 ಕೆಬಿ ಒಳಗೆ ಇಳಿಸಿದೆವು. ಬರಹ ನಾನೇ ಬರೆದೆ. ಮೂರು ವಾರ, ದಿನಾ ರಾತ್ರಿ ಒಂದು ಗಂಟೆ. ಆ ಗಂಟೆಗಳಿಗೂ ಕೂಲಿ ಹಾಕಿ ನೋಟ್‌ಬುಕ್‌ನಲ್ಲಿ ಬರೆದಿದ್ದೇನೆ, ಅದೂ ಖರ್ಚೇ.

ಮಾಡಿಕೊಡುವವರ ಜೊತೆ ಈ ಸಲ ಎಲ್ಲ ಬರವಣಿಗೆಯಲ್ಲಿ. ಎಷ್ಟು ಪುಟ, ಎಷ್ಟು ಸಲ ತಿದ್ದುಪಡಿ, ಹಣ ಮೂರು ಕಂತಿನಲ್ಲಿ, ಕೊನೇ ಕಂತು ಅಡ್ಮಿನ್ ಪಾಸ್‌ವರ್ಡ್ ನನ್ನ ಕೈಗೆ ಬಂದ ಮೇಲೆ. ಡೊಮೇನ್ ನಾನೇ ನನ್ನ ಹೆಸರಿನಲ್ಲಿ, ನಾನು ದಿನಾ ನೋಡುವ ಇಮೇಲ್ ಕೊಟ್ಟು ಕೊಂಡೆ. ಒಟ್ಟು ಮೊತ್ತದ ಹತ್ತನೇ ಒಂದು ಭಾಗ ಬೇರೆ ಎತ್ತಿಟ್ಟಿದ್ದೆ. ಅದರಲ್ಲಿ ಅರ್ಧ ಖರ್ಚಾಯಿತು, ಮೊಬೈಲ್‌ನಲ್ಲಿ ಮೆನು ಸರಿಯಾಗಿ ಕಾಣದೆ ಮತ್ತೆ ಮಾಡಿಸಬೇಕಾಯಿತು.

ವರ್ಷದ ಖರ್ಚನ್ನು ಹನ್ನೆರಡರಿಂದ ಭಾಗಿಸಿ ತಿಂಗಳು ತಿಂಗಳು ಬೇರೆ ಖಾತೆಗೆ ಹಾಕುತ್ತೇನೆ. ರಿನ್ಯೂವಲ್‌ಗೆ 60 ದಿನ ಮುಂಚೆ ಫೋನಿನಲ್ಲಿ ಅಲಾರಂ ಇದೆ, ಕೆಲಸದ ಮನೆ ಗೋಡೆಯ ಕ್ಯಾಲೆಂಡರ್‌ನಲ್ಲೂ ಕೆಂಪು ಗುರುತು ಇದೆ. ಈ ವರ್ಷ ಬಿಲ್ ಬಂದಾಗ ಆ ಖಾತೆಯಿಂದಲೇ ಕಟ್ಟಿ ಮತ್ತೆ ಉಳಿ ಹಿಡಿದೆ.