ಶಾಂಘೈನಲ್ಲಿ ಮಿಷೆಲಿನ್ ಸ್ಟಾರ್ ಊಟ: ಸಸ್ಯಾಹಾರಿಗಳು ತಯಾರಿ ಮಾಡಿಕೊಳ್ಳುವುದು ಹೇಗೆ?

ಚೀನಾಕ್ಕೆ ಹೊರಟಿದ್ದೇವೆ ಎಂದರೆ ಮನೆಯಲ್ಲಿ ಮೊದಲು ಬರುವ ಪ್ರಶ್ನೆ ಒಂದೇ: ‘ಅಲ್ಲಿ ಊಟಕ್ಕೇನು ಮಾಡ್ತೀರಿ?’ ಸಸ್ಯಾಹಾರಿಗಳಾದರಂತೂ ಸೂಟ್‌ಕೇಸಿನ ಅರ್ಧ ಜಾಗ ಚಟ್ನಿಪುಡಿ, ಅವಲಕ್ಕಿ, ಉಪ್ಪಿಟ್ಟಿನ ಪೊಟ್ಟಣಗಳಿಗೇ ಹೋಗುತ್ತದೆ. ಅಮ್ಮನನ್ನು ಶಾಂಘೈಗೆ ಕರೆದುಕೊಂಡು ಹೋದಾಗ ನಾನೂ ಹಾಗೇ ತುಂಬಿಕೊಂಡಿದ್ದೆ. ಮುಕ್ಕಾಲು ಪಾಲು ಪೊಟ್ಟಣಗಳು ಒಡೆಯದೆ ವಾಪಸ್ ಬಂದವು.

ಚೀನಾದಲ್ಲಿ ಸಸ್ಯಾಹಾರ ಇವತ್ತು ನಿನ್ನೆಯದಲ್ಲ. ಆರನೇ ಶತಮಾನದಲ್ಲಿ ಈಗಿನ ನಾಂಜಿಂಗ್‌ನಿಂದ ಆಳಿದ ಲಿಯಾಂಗ್ ವಂಶದ ವೂ ಚಕ್ರವರ್ತಿ, ಬೌದ್ಧ ಭಿಕ್ಷುಗಳು ಮಾಂಸ ಬಿಡಬೇಕೆಂದು ಕಟ್ಟಳೆ ಮಾಡಿದ. ಮಠಗಳ ಒಲೆಯಲ್ಲಿ ಬೆಳೆದ ಆ ಅಡುಗೆ ಈಗ ಒಳ್ಳೆಯ ಊಟದ ಹೋಟೆಲ್‌ಗಳಿಗೆ ಕೊಡುವ ಮಿಷೆಲಿನ್ ಸ್ಟಾರ್‌ವರೆಗೂ ಬಂದಿದೆ. ಅಂಥ ಒಂದು ಊಟ ನೆಮ್ಮದಿಯಿಂದ ಮುಗಿಯಬೇಕಾದರೆ ಕೆಲಸವೆಲ್ಲ ವಿಮಾನ ಹತ್ತುವ ಮೊದಲೇ ಆಗಬೇಕು. ಹೇಗೆ ಎಂದು ಒಂದೊಂದಾಗಿ ನೋಡೋಣ.

1. ಯಾವ ಪ್ರಶಸ್ತಿ, ಯಾವ ಹೋಟೆಲ್

ಚೀನಾದಲ್ಲಿ ಗಮನಿಸಬೇಕಾದ ಪಟ್ಟಿಗಳು ಮೂರು. ಮೊದಲನೆಯದು ಟೈರ್ ಕಂಪನಿಯ ಮಿಷೆಲಿನ್ ಗೈಡ್. ಚೀನಾದ ಮುಖ್ಯ ಭೂಭಾಗದಲ್ಲಿ ಅದು ಮೊದಲು ಬಂದದ್ದು ಶಾಂಘೈಗೆ, 2016ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಗುವಾಂಗ್‌ಝೌ, ಬೀಜಿಂಗ್, ಚೆಂಗ್ಡು ಸೇರಿದವು. ಒಂದು ಸ್ಟಾರ್ ಎಂದರೆ ದಾರಿಯಲ್ಲಿ ನಿಂತು ಉಣ್ಣಬಹುದಾದ ಜಾಗ, ಎರಡು ಎಂದರೆ ದಾರಿ ಬಳಸಿಯಾದರೂ ಹೋಗಬೇಕಾದದ್ದು, ಮೂರು ಎಂದರೆ ಅದಕ್ಕೆಂದೇ ಪ್ರಯಾಣ ಹೊರಡಬಹುದಾದದ್ದು. ಹಿಡಿತದ ಬೆಲೆಯಲ್ಲಿ ಒಳ್ಳೆಯ ಊಟ ಕೊಡುವವರಿಗೆ ‘ಬಿಬ್ ಗೂರ್ಮಾನ್’ ಎಂಬ ಬೇರೆ ಗುರುತಿದೆ. ಎರಡನೆಯದು ಚೀನಾದ್ದೇ ಆದ ‘ಬ್ಲ್ಯಾಕ್ ಪರ್ಲ್’. ಮೇಯ್‌ತ್ವಾನ್ ಕಂಪನಿ 2018ರಲ್ಲಿ ಶುರುಮಾಡಿದ ಇದರಲ್ಲಿ ನಕ್ಷತ್ರದ ಬದಲು ವಜ್ರಗಳು, ಒಂದರಿಂದ ಮೂರು. ಸ್ಥಳೀಯರ ನಾಲಿಗೆ ಏನನ್ನುತ್ತದೆ ಎಂದು ತಿಳಿಯಲು ನನಗೆ ಇದರ ಮೇಲೇ ಹೆಚ್ಚು ನಂಬಿಕೆ. ಮೂರನೆಯದು ‘ಏಷ್ಯಾದ 50 ಬೆಸ್ಟ್’, ಅಂದರೆ ಏಷ್ಯಾದ ಐವತ್ತು ಉತ್ತಮ ಊಟದ ಹೋಟೆಲ್‌ಗಳ ಪಟ್ಟಿ.

ಪೂರ್ತಿ ಸಸ್ಯಾಹಾರಿ ಅಡುಗೆಗೆ ಸ್ಟಾರ್ ಪಡೆದವುಗಳಲ್ಲಿ ಶಾಂಘೈನ ಫು ಹ ಹುಯಿ ನನ್ನ ಮೊದಲ ಆಯ್ಕೆ. ಬಾಣಸಿಗ ಟೋನಿ ಲೂ ಅವರಿಂದ ಹೆಸರಾದ ಹೋಟೆಲ್ ಇದು. ಶಾಂಘೈನ ಮೊದಲ ಗೈಡ್‌ನಲ್ಲೇ ಸ್ಟಾರ್ ಪಡೆಯಿತು, ಏಷ್ಯಾದ 50ರ ಪಟ್ಟಿಯಲ್ಲೂ ಕಾಣಿಸಿಕೊಂಡಿದೆ. ಹೆಸರಿನ ಮೂರು ಅಕ್ಷರಗಳಿಗೆ ಅನುಕ್ರಮವಾಗಿ ಭಾಗ್ಯ, ಸಾಮರಸ್ಯ, ಪ್ರಜ್ಞೆ ಎಂದು ಅರ್ಥ. ಬೀಜಿಂಗ್‌ಗೆ ಹೋಗುವವರು ಲಾಮಾ ದೇವಾಲಯದ ಪಕ್ಕದ ಓಣಿಯಲ್ಲಿರುವ ಕಿಂಗ್ಸ್ ಜಾಯ್ ನೋಡಬಹುದು. 2021ರ ಗೈಡ್ ಅದಕ್ಕೆ ಮೂರು ಸ್ಟಾರ್ ಕೊಟ್ಟಿತ್ತು. ಚೆಂಗ್ಡುವಿನಲ್ಲಿ ಟೆಂಪಲ್ ಹೌಸ್ ಹೋಟೆಲಿನೊಳಗಿನ ಮೀ ಶುನ್ ಟೀಹೌಸ್ ಇದೆ.

ಪಟ್ಟಿ ಪ್ರತಿವರ್ಷ ಬದಲಾಗುತ್ತದೆ, ಸ್ಟಾರ್ ಬರುತ್ತದೆ, ಹೋಗುತ್ತದೆ. ಶಾಂಘೈನಲ್ಲೇ ಮೂರು ಸ್ಟಾರ್ ಇದ್ದ, ದಿನಕ್ಕೆ ಹತ್ತೇ ಜನರಿಗೆ ಬಡಿಸುತ್ತಿದ್ದ ಅಲ್ಟ್ರಾವಯೊಲೆಟ್ 2025ರಲ್ಲಿ ಬಾಗಿಲು ಹಾಕಿತು. ಹಾಗಾಗಿ ಹಳೆಯ ಲೇಖನ ನಂಬಿ ಹೊರಡಬೇಡಿ, ನನ್ನದನ್ನೂ ಸೇರಿಸಿ. ಗೈಡ್‌ನ ಆ್ಯಪ್ ಉಚಿತ, ಹೊರಡುವ ತಿಂಗಳಲ್ಲಿ ಒಮ್ಮೆ ತೆರೆದು ನೋಡಿ.

2. ‘ಸು’ ಎಂದರೆ ಏನು, ಏನಲ್ಲ

ಇಡೀ ತಯಾರಿಯಲ್ಲಿ ಅತಿ ಹೆಚ್ಚು ಗಮನ ಬೇಡುವುದು ಇದು. ಚೀನೀ ಭಾಷೆಯಲ್ಲಿ ಸಸ್ಯಾಹಾರಕ್ಕೆ ‘ಸು’ ಎನ್ನುತ್ತಾರೆ, ಅದಕ್ಕೆ ಎದುರಾದದ್ದು ‘ಹುನ್’. ಹುನ್ ಎಂದರೆ ಇವತ್ತಿನ ಮಾತಿನಲ್ಲಿ ಮಾಂಸ. ಆದರೆ ಆ ಅಕ್ಷರದ ತಲೆಯ ಮೇಲಿರುವುದು ಹುಲ್ಲಿನ ಚಿಹ್ನೆ, ಏಕೆಂದರೆ ಮೂಲದಲ್ಲಿ ಅದು ಘಾಟು ವಾಸನೆಯ ಸೊಪ್ಪು, ಗಡ್ಡೆಗಳಿಗಿದ್ದ ಹೆಸರು. ಚೀನೀ ಬೌದ್ಧರು ಮಾಂಸದ ಜತೆಗೆ ಐದು ಘಾಟು ಪದಾರ್ಥಗಳನ್ನೂ ಬಿಡುತ್ತಾರೆ: ಬೆಳ್ಳುಳ್ಳಿ, ಈರುಳ್ಳಿ ಸೊಪ್ಪು, ಅದೇ ಜಾತಿಯ ಇನ್ನೆರಡು, ಮತ್ತು ‘ಶಿಂಗ್‌ಚು’. ಈ ಶಿಂಗ್‌ಚು ಬೇರೇನಲ್ಲ, ಸಂಸ್ಕೃತದ ಹಿಂಗು, ನಮ್ಮ ಸಾರಿನ ಇಂಗು. ಈರುಳ್ಳಿ–ಬೆಳ್ಳುಳ್ಳಿ ಮುಟ್ಟದ ಅಮ್ಮನಿಗೆ ಇದನ್ನು ಹೇಳಿದಾಗ, ‘ಇಂಗನ್ನೂ ಬಿಟ್ಟರೆ ಒಗ್ಗರಣೆಗೆ ಏನು ಹಾಕ್ತಾರಂತೆ?’ ಎಂದು ನಿಜವಾದ ಕಳವಳದಿಂದ ಕೇಳಿದಳು.

ದೇವಸ್ಥಾನದ ಪರಂಪರೆಯ ಹೋಟೆಲ್‌ಗಳಲ್ಲಿ ಈರುಳ್ಳಿ–ಬೆಳ್ಳುಳ್ಳಿ ಇಲ್ಲದ ಅಡುಗೆ ಸಹಜ. ಹಾಗೆಂದು ಹೊಸ ಕಾಲದ ಸಸ್ಯಾಹಾರಿ ಹೋಟೆಲ್‌ಗಳಲ್ಲೂ ಇರುವುದಿಲ್ಲ ಎಂದುಕೊಳ್ಳಬೇಡಿ, ಕೇಳಿ. ‘ಚುನ್ ಸು’ ಎಂದರೆ ಮೊಟ್ಟೆ, ಹಾಲು ಎರಡೂ ಇಲ್ಲದ್ದು. ‘ತಾನ್ ನಾಯ್ ಸು’ ಎಂದರೆ ಎರಡೂ ಇರುವುದು. ನಮ್ಮ ಹಾಲು ಬೇಕು–ಮೊಟ್ಟೆ ಬೇಡ ಎನ್ನುವ ನಡುದಾರಿ ಅಲ್ಲಿ ಅಪರೂಪ. ಬಿಡಿಸಿ ಹೇಳದಿದ್ದರೆ ಅರ್ಥವಾಗದು.

ಸ್ಟಾರ್ ಹೋಟೆಲ್ ಪೂರ್ತಿ ಸಸ್ಯಾಹಾರಿಯಾಗಿದ್ದರೆ ಅರ್ಧ ಚಿಂತೆ ಕಳೆಯಿತು. ಎಲ್ಲವನ್ನೂ ಮಾಡುವ ಹೋಟೆಲ್‌ನಲ್ಲಿ ‘ತರಕಾರಿ’ ಎಂದು ಬರೆದಿದ್ದರೂ ಹುಷಾರು. ಸೊಪ್ಪಿನ ಮೇಲೆ ಸುರಿಯುವ ಕಪ್ಪು ಸಾಸ್ ಚಿಪ್ಪುಮೀನಿನದು ಇರಬಹುದು. ಹುರುಳಿಕಾಯಿ ಪಲ್ಯದಲ್ಲಿ ಹಂದಿ ಖೀಮಾ ಇರುತ್ತದೆ, ಮಾಪೊ ತೋಫು ಎಂಬ ಖಾರದ ಸೋಯಾ ಪನೀರಿನ ಪದಾರ್ಥದಲ್ಲೂ ಖೀಮಾ. ಸೂಪಿನ ತಳದಲ್ಲಿ ಮೂಳೆಯ ಸಾರು, ರುಚಿಗೆ ಹಾಕುವ ಹಳದಿ ಪುಡಿಯಲ್ಲಿ ಕೋಳಿ. ಅಡುಗೆಯವರು ಮೋಸ ಮಾಡುತ್ತಿಲ್ಲ. ತುಂಡು ಇಲ್ಲದಿದ್ದರೆ ಮಾಂಸ ಇಲ್ಲ ಎಂದು ಅವರ ಲೆಕ್ಕ.

ಅದಕ್ಕೇ ಒಂದು ಚೀಟಿ ಬರೆದುಕೊಳ್ಳಿ. ‘ನಾವು ಇಬ್ಬರು. ಮಾಂಸ, ಮೀನು, ಸಿಗಡಿ, ಮೊಟ್ಟೆ ತಿನ್ನುವುದಿಲ್ಲ. ಮೂಳೆ ಸಾರು, ಕೋಳಿ ಪುಡಿ, ಹಂದಿ ಕೊಬ್ಬು, ಚಿಪ್ಪುಮೀನಿನ ಸಾಸ್ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೇಡ. ಹಾಲು, ತುಪ್ಪ, ಎಲ್ಲ ಬಗೆಯ ಅಣಬೆ ಆಗುತ್ತದೆ.’ ಇದನ್ನು ಚೀನೀ ಭಾಷೆಗೆ ಅನುವಾದಿಸಿ, ಮತ್ತೆ ಕನ್ನಡಕ್ಕೆ ತಿರುಗಿಸಿ ಸರಿಯಿದೆಯೇ ನೋಡಿ. ಫೋನಿನಲ್ಲೊಂದು ಪ್ರತಿ, ಕಾಗದದಲ್ಲೊಂದು ಪ್ರತಿ ಇರಲಿ. ‘ವೊ ಛ್ ಸು’ (ನಾನು ಸಸ್ಯಾಹಾರಿ) ಎಂದು ಬಾಯಲ್ಲಿ ಹೇಳುವುದನ್ನೂ ಕಲಿಯಿರಿ, ಆದರೆ ಚೀನೀ ಭಾಷೆಯಲ್ಲಿ ಸ್ವರದ ಏರಿಳಿತ ತಪ್ಪಿದರೆ ಅರ್ಥವೇ ತಪ್ಪುತ್ತದೆ, ಚೀಟಿ ತಪ್ಪುವುದಿಲ್ಲ.

ನೆಲಗಡಲೆ, ಎಳ್ಳು, ಸೋಯಾ ಒಗ್ಗದವರು, ಗಡ್ಡೆ ತಿನ್ನದ ಜೈನರು ಅದನ್ನೂ ಇದೇ ಚೀಟಿಯಲ್ಲಿ ಸೇರಿಸಬೇಕು. ಇಂಥ ಕಡೆ ಊಟದ ಪಟ್ಟಿ ಮೊದಲೇ ನಿಗದಿಯಾಗಿರುತ್ತದೆ, ಒಂದರ ಹಿಂದೊಂದು ತಟ್ಟೆ ಬರುತ್ತದೆ. ಕೂತ ಮೇಲೆ ಹೇಳಿದರೆ ಅಡುಗೆಮನೆಯವರ ಕೈಯಲ್ಲಿ ಬದಲಿ ಇರುವುದಿಲ್ಲ.

3. ಟೇಬಲ್ ಬುಕ್ ಮಾಡುವುದು

ಅಲ್ಲಿನವರು ದ್ಯಾನ್‌ಪಿಂಗ್ ಆ್ಯಪ್‌ನಲ್ಲೋ ವಿಚಾಟ್‌ನಲ್ಲೋ ಬುಕ್ ಮಾಡುತ್ತಾರೆ. ಬಹಳಷ್ಟು ಕಡೆ ಚೀನಾದ ಫೋನ್ ನಂಬರ್ ಕೇಳುತ್ತದೆ, ನಮಗೆ ಅಲ್ಲೇ ಅಡ್ಡಿ. ಸುಲಭದ ದಾರಿ ನೀವು ತಂಗುವ ಹೋಟೆಲಿನವರ ಮೂಲಕ. ಎರಡು ಮೂರು ವಾರ ಮೊದಲು ಮೇಲ್ ಮಾಡಿ, ದಿನ, ಹೊತ್ತು, ಎಷ್ಟು ಜನ ಎಂದು ತಿಳಿಸಿ, ಚೀಟಿಯನ್ನೂ ಲಗತ್ತಿಸಿ. ಉತ್ತರ ಬಂದಾಗ ನಾಲ್ಕು ವಿಷಯ ಕೇಳಿಕೊಳ್ಳಿ: ತಲೆಗೆಷ್ಟು, ಸೇವಾ ಶುಲ್ಕ ಸೇರಿದೆಯೇ, ಮುಂಗಡ ಎಷ್ಟು, ರದ್ದು ಮಾಡಿದರೆ ಮುಂಗಡ ವಾಪಸ್ ಬರುತ್ತದೆಯೇ. ಪ್ರತ್ಯೇಕ ಕೋಣೆ ಕೊಡುತ್ತೇವೆ ಎಂದರೆ ಅದಕ್ಕೆ ಕನಿಷ್ಠ ಖರ್ಚಿನ ಮಿತಿ ಇದೆಯೇ ಎಂದೂ ಕೇಳಿ.

ಮಧ್ಯಾಹ್ನದ ಊಟ ಸಾಮಾನ್ಯವಾಗಿ ರಾತ್ರಿಯದಕ್ಕಿಂತ ಅಗ್ಗ, ಟೇಬಲ್ ಸಿಗುವುದೂ ಸುಲಭ. ಅಲ್ಲಿ ಊಟದ ಹೊತ್ತು ಬೇಗ: ಮಧ್ಯಾಹ್ನ ಹನ್ನೊಂದೂವರೆ, ಸಂಜೆ ಐದೂವರೆ–ಆರಕ್ಕೇ ಜನ ಕೂರುತ್ತಾರೆ. ನಮ್ಮ ರಾತ್ರಿ ಒಂಬತ್ತರ ಅಭ್ಯಾಸ ನಡೆಯದು. ಅಕ್ಟೋಬರ್ ಮೊದಲ ವಾರದ ರಾಷ್ಟ್ರೀಯ ರಜೆ, ಮೇ ದಿನದ ರಜೆ, ಚೀನೀ ಹೊಸ ವರ್ಷ ಇವುಗಳ ತಂಟೆಗೆ ಹೋಗಬೇಡಿ.

4. ದುಡ್ಡು

ಚೀನಾದ ಹಣ ಯುವಾನ್. ಅದಕ್ಕೆ ಎಷ್ಟು ರೂಪಾಯಿ ಎಂದು ಹೊರಡುವ ಮೊದಲು ನೋಡಿಕೊಳ್ಳಿ. ಬೆಂಗಳೂರಿನಲ್ಲೇ ಹಣ ಪಾವತಿಯ ಅಲಿಪೇ ಆ್ಯಪ್ ಹಾಕಿಕೊಂಡು, ಪಾಸ್‌ಪೋರ್ಟ್ ವಿವರ ಕೊಟ್ಟು, ವೀಸಾ ಅಥವಾ ಮಾಸ್ಟರ್‌ಕಾರ್ಡ್ ಜೋಡಿಸಿಕೊಳ್ಳಿ. ಬ್ಯಾಂಕಿನ ಆ್ಯಪ್‌ನಲ್ಲಿ ಕಾರ್ಡ್‌ನ ವಿದೇಶ ಬಳಕೆ ಆನ್ ಆಗಿದೆಯೇ ನೋಡಿ, ಮಿತಿಯನ್ನೂ ಏರಿಸಿಕೊಳ್ಳಿ. ಒಟಿಪಿ ಬರುವುದು ನಮ್ಮ ಸಿಮ್‌ಗೆ, ಆದ್ದರಿಂದ ರೋಮಿಂಗ್ ಬೇಕೇ ಬೇಕು. ರೋಮಿಂಗ್ ಡೇಟಾ ಇದ್ದರೆ ಗೂಗಲ್ ಕೂಡ ಸಾಮಾನ್ಯವಾಗಿ ಕೆಲಸ ಮಾಡುತ್ತದೆ. ಹೋಟೆಲ್ ವೈಫೈನಲ್ಲಿ ಮಾಡದು. ವಿದೇಶಿ ಕಾರ್ಡ್‌ನಿಂದ 200 ಯುವಾನ್ ಮೀರಿದ ಪಾವತಿಗೆ ಅಲಿಪೇ ಶೇ 3 ಶುಲ್ಕ ಹಿಡಿಯುತ್ತದೆ: 1,500 ಯುವಾನ್ ಬಿಲ್ಲಿಗೆ 45 ಯುವಾನ್. ಟಿಪ್ಸ್ ಕೊಡುವ ರೂಢಿ ಅಲ್ಲಿಲ್ಲ.

5. ದಾರಿ ತಪ್ಪಬೇಡಿ

ಫು ಹ ಹುಯಿ ಇರುವುದು ಯುಯುವಾನ್ ರಸ್ತೆಯಲ್ಲಿ. ಪ್ರವಾಸಿಗರೆಲ್ಲ ಹೋಗುವ ಹಳೆಯ ತೋಟದ ಹೆಸರೂ ಯುಯುವಾನ್. ಬರೆಯುವ ಅಕ್ಷರ ಬೇರೆ, ಸ್ವರ ಬೇರೆ, ಆದರೆ ನಮ್ಮ ಕಿವಿಗೆ ಎರಡೂ ಒಂದೇ. ನಾವು ತೋಟದ ಮೆಟ್ರೊ ನಿಲ್ದಾಣದಲ್ಲಿ ಇಳಿದು, ಜನಜಂಗುಳಿಯಲ್ಲಿ ಅರ್ಧ ಗಂಟೆ ಸುತ್ತಿದೆವು. ಅಮ್ಮನ ಮಂಡಿ ನೋವು ಹೆಚ್ಚಾಯಿತು, ಊಟದ ಹೊತ್ತು ಮೀರುತ್ತಿತ್ತು. ರಸ್ತೆ ಇರುವುದು ಅಲ್ಲಿಂದ ಹಲವು ಕಿಲೋಮೀಟರ್ ಪಶ್ಚಿಮಕ್ಕೆ. ಇಳಿಯಬೇಕಾದ ನಿಲ್ದಾಣ ಜಿಯಾಂಗ್ಸು ರೋಡ್, 2 ಮತ್ತು 11ನೇ ಮಾರ್ಗಗಳು ಸೇರುವ ಜಾಗ. ಎರಡನೇ ಮಾರ್ಗ ಪುಡಾಂಗ್, ಹಾಂಗ್‌ಚಿಯಾವ್ ಎರಡೂ ವಿಮಾನ ನಿಲ್ದಾಣಗಳಿಗೆ ಹೋಗುತ್ತದೆ. ಹೋಟೆಲಿನ ಹೆಸರು, ವಿಳಾಸವನ್ನು ಚೀನೀ ಅಕ್ಷರದಲ್ಲೇ ಫೋನಿಗೆ ಉಳಿಸಿಕೊಳ್ಳಿ. ಟ್ಯಾಕ್ಸಿಯವರಿಗೆ ತೋರಿಸಲು ಅದೇ ಬೇಕು. ಅಲಿಪೇ ಒಳಗಿಂದಲೇ ದೀದಿ ಟ್ಯಾಕ್ಸಿ ಕರೆಯಬಹುದು. ಸಾಧ್ಯವಾದರೆ ಅರ್ಧ ಗಂಟೆ ಮುಂಚೆ ಹೋಗಿ ಆ ರಸ್ತೆಯಲ್ಲಿ ನಡೆಯಿರಿ. ಎರಡೂ ಕಡೆ ಸಾಲುಮರ, ನೂರು ವರ್ಷದ ಹತ್ತಿರದ ಬಂಗಲೆಗಳು.

6. ಊಟಕ್ಕೆ ಕೂತಾಗ

ಫು ಹ ಹುಯಿಯಲ್ಲಿ ತಟ್ಟೆಗಳ ಜತೆ ಜೋಡಿಸಿ ಚಹಾ ಕೊಡುವ ಕ್ರಮವಿದೆ. ಮದ್ಯ ಮುಟ್ಟದವರಿಗೆ ಇದು ದೊಡ್ಡ ಅನುಕೂಲ, ಖರ್ಚಾದರೂ ತೆಗೆದುಕೊಳ್ಳಿ. ಹಾಲು, ಸಕ್ಕರೆ ಕೇಳಬೇಡಿ. ಎರಡೂವರೆ–ಮೂರು ಗಂಟೆ ಕೂರಲು ಸಿದ್ಧರಾಗಿ. ಮೊದಲ ಎರಡು ತಟ್ಟೆ ನೋಡಿ ‘ಇಷ್ಟೇನಾ?’ ಎನ್ನಿಸಿದರೂ ಕೊನೆಗೆ ಹೊಟ್ಟೆ ತುಂಬುತ್ತದೆ. ಚಾಪ್‌ಸ್ಟಿಕ್ ಕಷ್ಟವಾದರೆ ಚಮಚ ಕೇಳಬಹುದು. ಅನ್ನದಲ್ಲಿ ಮಾತ್ರ ಚಾಪ್‌ಸ್ಟಿಕ್ಕನ್ನು ನೆಟ್ಟಗೆ ಚುಚ್ಚಿಡಬೇಡಿ, ಅದು ಸತ್ತವರ ಮುಂದೆ ಊದುಬತ್ತಿ ಹಚ್ಚಿದ ಹಾಗೆ.

ನಾಲಿಗೆ ತಯಾರಾಗಬೇಕಾದರೆ ಒಂದು ದಿನ ಮುಂಚೆ ಗುಂಗ್‌ದಲಿನ್‌ಗೆ ಹೋಗಿ ಬನ್ನಿ. 1922ರಿಂದ ನಡೆಯುತ್ತಿರುವ ಬೌದ್ಧ ಸಸ್ಯಾಹಾರಿ ಹೋಟೆಲ್, ನಾಂಜಿಂಗ್ ಪಶ್ಚಿಮ ರಸ್ತೆಯಲ್ಲಿದೆ. ಅಲ್ಲಿ ಬಾತು, ಮೀನಿನ ಆಕಾರದ ತಟ್ಟೆಗಳು ಬಂದರೆ ಗಾಬರಿಯಾಗಬೇಡಿ, ಎಲ್ಲ ಸೋಯಾ ಮತ್ತು ಗೋಧಿಯ ಕೈಚಳಕ. ಅಮ್ಮನಿಗೆ ಆ ಆಕಾರಗಳು ಹಿಡಿಸಲಿಲ್ಲ. ಆದರೆ ಶಾಂಘೈ ಕಡೆಯ ‘ಖಾವ್ ಫು’ ಬಂದಾಗ ಮುಖ ಅರಳಿತು. ಗೋಧಿ ಹಾಲ್ಬಾಯಿಗೆ ನಾವು ಗೋಧಿ ನೆನೆಸಿ, ರುಬ್ಬಿ, ಹಾಲು ಹಿಂಡಿಕೊಂಡು ಅಂಟು ಚರಟ ಬಿಸಾಡುತ್ತೇವಲ್ಲ, ಅವರು ಹಿಟ್ಟು ತೊಳೆದು ಹಾಲು ಬಿಟ್ಟು ಆ ಅಂಟನ್ನೇ ಇಟ್ಟುಕೊಳ್ಳುತ್ತಾರೆ. ಹುದುಗಿಸಿ, ಬೇಯಿಸಿ, ತುಂಡು ಮಾಡಿ, ಸೋಯಾ ಸಾಸ್–ಸಕ್ಕರೆಯಲ್ಲಿ ಕುದಿಸಿ ತಣ್ಣಗೆ ಬಡಿಸುತ್ತಾರೆ. ಸ್ಪಂಜಿನಂಥ ತೂತುಗಳ ತುಂಬ ಸಿಹಿ–ಉಪ್ಪಿನ ರಸ, ಜತೆಗೆ ನೆಲಗಡಲೆ, ಕಪ್ಪು ಅಣಬೆ, ಒಣಗಿದ ಹೂಮೊಗ್ಗು. ಒತ್ತಿದರೆ ರಸ ಚಿಮ್ಮುತ್ತದೆ, ಆದ್ದರಿಂದ ಇಡೀ ತುಂಡನ್ನು ಒಮ್ಮೆಗೇ ಬಾಯಿಗಿಡಬೇಕು.

ವಸಂತದಲ್ಲಿ ಹೋದರೆ ಎಳೆ ಕಳಲೆ ಕೇಳಿ. ಮಲೆನಾಡಿನ, ಕೊಡಗಿನ ಕಳಲೆಯ ಹುಳಿವಾಸನೆ ಅದಕ್ಕಿಲ್ಲ, ದಿನಗಟ್ಟಲೆ ನೀರಲ್ಲಿ ನೆನೆಸುವುದೂ ಇಲ್ಲ. ಜೋಳದ ತೆನೆಯ ಹಾಗೆ ಸಿಹಿ.

ಬಿಲ್ ಬೇಕೆಂದರೆ ‘ಮಾಯ್ ತಾನ್’ ಅನ್ನಿ. ಅವತ್ತಿನ ಊಟದ ಪಟ್ಟಿಯ ಚೀನೀ ಪ್ರತಿ ಸಿಗುತ್ತದೆಯೇ ಎಂದು ಕೇಳಿ ಇಸಿದುಕೊಳ್ಳಿ. ಇಷ್ಟವಾದ ಪದಾರ್ಥಗಳ ಮುಂದೆ ಗುರುತು ಹಾಕಿದರೆ, ಮುಂದಿನ ಊರಿನ ಸಾಮಾನ್ಯ ಹೋಟೆಲಿನಲ್ಲೂ ಬೆರಳಿಟ್ಟು ತೋರಿಸಬಹುದು. ರಾತ್ರಿಯಾದರೆ ಹತ್ತೂವರೆಯ ಮೇಲೆ ಮೆಟ್ರೊ ನಂಬಬೇಡಿ. ಮರುದಿನ ಬೆಳಿಗ್ಗೆ ಹಸಿವಾದರೆ ಜೇಡ್ ಬುದ್ಧ ದೇವಾಲಯದ ನೂಡಲ್ಸ್ ಅಂಗಡಿಗೆ ಹೋಗಿ. ಅಣಬೆ ಹಾಕಿದ ಬಿಸಿ ಸಾರು, ದೊಡ್ಡ ಬಟ್ಟಲು. ಅಮ್ಮ ಅಲ್ಲಿ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ಕೊನೆಯ ಗುಟುಕಿನವರೆಗೂ ಕುಡಿದಳು.