ಹಕ್ಕಿ ಇರುವ ಗುಡ್ಡ, ಜನ ಹೋಗುವ ದಾರಿ

ಹಳದಿ ಕೊರಳಿನ ಪಿಕಳಾರ (ಬುಲ್‌ಬುಲ್) ಹಕ್ಕಿ ದಕ್ಷಿಣ ಭಾರತದ ಕಲ್ಲುಗುಡ್ಡಗಳಲ್ಲಲ್ಲದೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಅದಕ್ಕೆ ಒಗ್ಗುವ ನೆಲ ಎಲ್ಲೆಲ್ಲಿದೆ ಎಂದು ಮ್ಯಾಕ್ಸೆಂಟ್ ತಂತ್ರಾಂಶದಲ್ಲಿ ನಾನು ಮಾಡಿದ ಮೊದಲ ನಕ್ಷೆಯಲ್ಲಿ ದರೋಜಿ, ಹಂಪಿಯ ಸುತ್ತಮುತ್ತ ಕಡುಕೆಂಪು, ಅಂದರೆ ಹಕ್ಕಿಗೆ ಚೆನ್ನಾಗಿ ಒಗ್ಗುವ ನೆಲ. ತುಂಗಭದ್ರಾ ಹೊಳೆ ದಾಟಿದರೆ ನಮ್ಮ ಗಂಗಾವತಿ, ಆನೆಗುಂದಿಯ ಗುಡ್ಡಗಳೆಲ್ಲ ಪೇಲವ. ಎರಡು ದಡದಲ್ಲೂ ಅದೇ ಬಂಡೆ, ಅದೇ ಕುರುಚಲು. ಇದನ್ನು ನಂಬಲು ನನಗೆ ಮನಸ್ಸಾಗಲಿಲ್ಲ.

ತಪ್ಪು ಇದ್ದದ್ದು ನಾನು ತಂತ್ರಾಂಶಕ್ಕೆ ಕೊಟ್ಟ, ಈ ಹಕ್ಕಿಯನ್ನು ಕಂಡ ಜಾಗಗಳ ದಾಖಲೆಗಳಲ್ಲಿ. ಪಕ್ಷಿವೀಕ್ಷಕರು ಪದೇ ಪದೇ ಹೋಗುವ ಜಾಗಗಳಿಂದಲೇ ಹೆಚ್ಚಿನವು ಬಂದಿದ್ದವು. ಒಂದು ಚದರ ಕಿಲೋಮೀಟರಿಗೆ ಒಂದೇ ದಾಖಲೆ ಉಳಿಸಿಕೊಂಡೆ. ಹೋಲಿಕೆಗೆ ಬೇಕಾದ ಹಿನ್ನೆಲೆ ಬಿಂದುಗಳನ್ನು ಎಲ್ಲೆಂದರಲ್ಲಿ ಚೆಲ್ಲದೆ, ಬೇರೆ ಯಾವುದಾದರೂ ಹಕ್ಕಿಯನ್ನು ಜನ ದಾಖಲಿಸಿದ ಸ್ಥಳಗಳಿಂದಲೇ ಆರಿಸಿದೆ. ಆಗ ಜನ ಹೋಗುವ ದಾರಿಯ ಪ್ರಭಾವ ಹಕ್ಕಿಯ ದಾಖಲೆಗಳಲ್ಲೂ ಹಿನ್ನೆಲೆ ಬಿಂದುಗಳಲ್ಲೂ ಸಮವಾಗುತ್ತದೆ. ಎಲ್ಲಕ್ಕಿಂತ ಹೆಚ್ಚು ಫಲ ಕೊಟ್ಟದ್ದು ಇದೇ.

ವರ್ಲ್ಡ್‌ಕ್ಲಿಮ್ ಎಂಬ ಜಾಗತಿಕ ಹವಾಮಾನ ದತ್ತಾಂಶದ 19 ಪದರಗಳಲ್ಲಿ ಒಂದನ್ನೊಂದು ಹೋಲುವವನ್ನು ಬಿಟ್ಟು ನಾಲ್ಕನ್ನೇ ಇಟ್ಟುಕೊಂಡೆ. ಆದರೂ ಒಂದು ಕಿಲೋಮೀಟರಿನ ಚೌಕದಲ್ಲಿ ನಮ್ಮ ಊರಿನ ಎಡದಂಡೆ ಕಾಲುವೆಯ ಭತ್ತದ ಗದ್ದೆಯೂ ಅದಕ್ಕೆ ತಾಗಿದ ಬಂಡೆರಾಶಿಯೂ ಒಂದಾಗಿಬಿಡುತ್ತವೆ. ಹಕ್ಕಿಗೆ ಬೇಕಾದದ್ದು ಬಂಡೆ. ಹಾಗಾಗಿ 30 ಮೀಟರಿನ ಚೌಕಗಳಲ್ಲಿ ನೆಲದ ಎತ್ತರ ಕೊಡುವ ದತ್ತಾಂಶದಿಂದ ಏರುಪೇರನ್ನು ಲೆಕ್ಕಹಾಕಿ ಸೇರಿಸಿದೆ. ಪರೀಕ್ಷೆಗೆ ಕೊಪ್ಪಳ ಜಿಲ್ಲೆಯ ದಾಖಲೆಗಳನ್ನು ಪೂರ್ತಿ ಬದಿಗಿಟ್ಟು, ಉಳಿದವುಗಳಿಂದ ಮಾತ್ರ ಮಾದರಿ ಕಟ್ಟಿದೆ. ಮಾದರಿ ಕಾಣದ ಜಾಗದಲ್ಲಿ ನಡೆದ ಪರೀಕ್ಷೆಯಾದ್ದರಿಂದ ಅದರ ಅಂಕ ಮೊದಲಿಗಿಂತ ಇಳಿಯಿತು, ನನ್ನ ನಂಬಿಕೆ ಏರಿತು.

ಹೊಸ ನಕ್ಷೆಯಲ್ಲಿ ಕೆಂಪಾದ ಒಂದು ಗುಡ್ಡಕ್ಕೆ ನಸುಕಿನಲ್ಲಿ ಹೋದೆ. ಎರಡು ದಿನ ಏನೂ ಕಾಣಲಿಲ್ಲ. ಕುರಿ ಮೇಯಿಸುತ್ತಿದ್ದ ಅಜ್ಜನೊಬ್ಬ, “ಮೇಲೆ ದೊಣೆಯಲ್ಲಿ ಇನ್ನೂ ನೀರಿದೆ, ಅಲ್ಲಿ ಸುಮ್ಮನೆ ಕುಳಿತುಕೋ ತಮ್ಮಾ” ಎಂದ. ಮೂರನೆಯ ಬೆಳಿಗ್ಗೆ ಬಂಡೆಯ ಸಂದಿನ ಅತ್ತಿಗಿಡದಿಂದ ಜುಟ್ಟಿಲ್ಲದ, ಹಳದಿ ತಲೆಯ ಹಕ್ಕಿಯೊಂದು ದೊಣೆಯ ಅಂಚಿಗಿಳಿಯಿತು. ಕೊರಳು ಎತ್ತಿ ನೀರು ನುಂಗಿದಾಗ ಆ ಹಳದಿ ಇಷ್ಟು ಹತ್ತಿರದಿಂದ ಕಂಡಿತು. ಜಿಪಿಎಸ್ ಒತ್ತಲು ನನಗೆ ಕೈಯೇ ಬರಲಿಲ್ಲ.

ಮತ್ತೊಂದು ಕೆಂಪು ಚೌಕ ಹುಡುಕಿಕೊಂಡು ಹೋದರೆ ಅಲ್ಲಿ ಗುಡ್ಡವೇ ಇರಲಿಲ್ಲ, ಕಲ್ಲು ಗಣಿಯ ಹೊಂಡವಿತ್ತು. ನಾನು ಬಳಸಿದ ಎತ್ತರದ ದತ್ತಾಂಶ 2000ದ ಫೆಬ್ರವರಿಯಲ್ಲಿ ಬಾಹ್ಯಾಕಾಶ ನೌಕೆಯಿಂದ ಅಳೆದದ್ದು. ಅದರಲ್ಲಿ ಆ ಗುಡ್ಡ ಇನ್ನೂ ನಿಂತಿದೆ. ಈಗ ಹೊಸ ಉಪಗ್ರಹ ಚಿತ್ರಗಳನ್ನು ಎದುರಿಗಿಟ್ಟುಕೊಂಡು, ಇಲ್ಲವಾಗಿ ಹೋದ ಗುಡ್ಡಗಳನ್ನು ಒಂದೊಂದಾಗಿ ನಕ್ಷೆಯಿಂದ ತೆಗೆಯುತ್ತಿದ್ದೇನೆ.